ಒಂಬತ್ತನೇ ವಿಮಾನದ ಕಚಗುಳಿ

ನಮ್ಮೂರಿನಲ್ಲಿ ಯಾವ ವಸ್ತುವಿಗೆ ಏನಾದರೂ ಅದನ್ನು ಮಾಡಿದ ಕೈಗೆ ಗೊತ್ತಾಗುತ್ತದೆ. ಕುಂಬಾರ ಓಣಿಯ ಮಲ್ಲವ್ವನಿಗೆ ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕೆಲಸವೇ ಇಲ್ಲ. ಬೆಳಿಗ್ಗೆ ಮನೆಮನೆಯಲ್ಲಿ ಅವಳ ಗಡಿಗೆಗಳು ಒಲೆಯೇರಿದರೆ ಸಾಕು, ಅಂಗೈ ಬೆಚ್ಚಗಾಗುತ್ತದೆ. ಯಾವನೋ ಹುಡುಗ ಬೇಲಿ ಹಾರಿ ಚಡ್ಡಿ ಹರಿದುಕೊಂಡರೆ, ಅವನು ಮನೆ ಮುಟ್ಟುವ ಮೊದಲೇ ದರ್ಜಿ ಖಾಸೀಮಸಾಬರು ಸೂಜಿಗೆ ದಾರ ಪೋಣಿಸಿ ಕೂತಿರುತ್ತಾರೆ. ಬಡಿಗೇರ ಈರಪ್ಪ ಹೊಸದಾಗಿ ಮದುವೆಯಾದವರ ಮನೆಗೆ ಬಾಗಿಲು ಮಾಡಿಕೊಟ್ಟರೆ ಮೊದಲ ಆರು ತಿಂಗಳು ಕೈಗೆ ಕೊಬ್ಬರಿ ಎಣ್ಣೆ ತಪ್ಪಿಸುವುದಿಲ್ಲ, ಅಂಥ ಮನೆಯಲ್ಲಿ ಬಾಗಿಲು ಧಡಾರನೆ ಹಾಕುವುದು ಜಾಸ್ತಿ.

ನಾನು ಮಾಡುವುದು ವಿಮಾನದ ಬಾಲ. ನನ್ನ ಹೆಸರು ಕಸ್ತೂರೆವ್ವ. ಊರ ಹೊರಗಿನ ವಿಮಾನದ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ರಿವೆಟ್ ಹೊಡೆಯುತ್ತಿದ್ದೇನೆ. ಹೊರಗಿನ ತಗಡನ್ನು ಒಳಗಿನ ಎಲುಬುಗಳಿಗೆ ಬಿಗಿಯುವ ಗಿಡ್ಡ ಮೊಳೆಗೆ ರಿವೆಟ್ ಅನ್ನುತ್ತಾರೆ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನಿಂದ ನಾನು ರಿವೆಟ್ ಬಡಿಯುವ ಗನ್ ಒತ್ತಿದರೆ ಒಳಗಿನಿಂದ ಹುಸೇನಬಿ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ನಡುವೆ ತಗಡು ಇರುವುದರಿಂದ ಕೆಲಸದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮೂವತ್ತು ವರ್ಷವೂ ನಾವು ಹಾಗೇ, ಮುಖ ಕಾಣದೆ, ಸಂಸಾರದ ಸುಖದುಃಖವನ್ನೆಲ್ಲ ಮಾತಾಡಿಕೊಂಡು ಬಂದವರು.

ನಮ್ಮ ವಿಮಾನಗಳೆಲ್ಲ ಹೋಗುವುದು ತೆಲೋರ ದೇಶಕ್ಕೆ. ಸಮುದ್ರದಾಚೆ, ನೂರಾರು ನಡುಗಡ್ಡೆಗಳು ಅಕ್ಕಿ ಚೆಲ್ಲಿದ ಹಾಗೆ ಬಿದ್ದಿರುವ ದೇಶ. ಅಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ರಸ್ತೆಯಿಲ್ಲ. ಟಪಾಲು, ಡಾಕ್ಟರು, ಶಾಲೆಯ ಮಾಸ್ತರು, ಹೆರಿಗೆಗೆ ಹೊರಟ ಬಸುರಿ, ಎಲ್ಲರೂ ಹತ್ತೊಂಬತ್ತು ಸೀಟಿನ ನಮ್ಮ ವಿಮಾನದಲ್ಲೇ ಓಡಾಡಬೇಕು. ಮೂವತ್ತು ವರ್ಷದ ಹಿಂದೆ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಂಡರು. ಅವರು ನಮ್ಮಲ್ಲೇ ಕೊಳ್ಳಬೇಕು. ನಾವು ಪ್ರತಿ ವಿಮಾನವೂ ಮುಪ್ಪಾಗಿ ಮೂಲೆ ಸೇರುವವರೆಗೆ ಅದರ ಯೋಗಕ್ಷೇಮ ನೋಡಿಕೊಳ್ಳಬೇಕು. ಇಲ್ಲಿಯವರೆಗೆ ಮೂವತ್ತೆಂಟು ವಿಮಾನ ಹೋಗಿವೆ.

ಅಲ್ಲಿ ಬೆಳಗಾಗುವುದು ನಮ್ಮ ಸಂಜೆ ಏಳರ ಹೊತ್ತಿಗೆ. ಆಗ ನಮ್ಮ ಬಾಲಗಳು ಒಂದೊಂದಾಗಿ ಮೋಡದ ಮೇಲೇರುತ್ತವೆ, ನಮ್ಮ ಶಾಪಿನ, ಅಂದರೆ ಬಾಲ ಮಾಡುವ ವಿಭಾಗದ, ಹೆಂಗಸರ ಅಂಗೈಗಳು ಬಾವಿ ನೀರಿಗೆ ಅದ್ದಿದ ಹಾಗೆ ತಣ್ಣಗಾಗುತ್ತವೆ. ಮರಗಟ್ಟಿದ ಕೈಯಲ್ಲಿ ಜೋಳದ ಹಿಟ್ಟು ಹದಕ್ಕೆ ಬರುವುದಿಲ್ಲ. ಹೀಗಾಗಿ ನಮ್ಮ ಓಣಿಯಲ್ಲಿ ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುವವರು ಗಂಡಸರು. ನನ್ನ ಗಂಡ ಬಾಳಪ್ಪ ಬಡಿದ ರೊಟ್ಟಿ ಮೊದಲ ವರ್ಷ ತೆಲೋರದ ನಕಾಶೆಯಂತೆ ಚೂರುಚೂರಾಗಿರುತ್ತಿತ್ತು. ಈಗ ಅತ್ತಿಗೆ ನಾದಿನಿಯರು ಅವನ ಹತ್ತಿರ ಹದ ಕೇಳಲು ಬರುತ್ತಾರೆ.

ಆ ಮೂವತ್ತು ವರ್ಷದ ಒಪ್ಪಂದ ಮುಗಿಯುವ ವಾರವೇ ಇದು ನಡೆದದ್ದು. ಬುಧವಾರ ತೆಲೋರದ ಮಂತ್ರಿಗಳು ಬರುವವರಿದ್ದರು, ಗುರುವಾರ ಹೊಸ ಒಪ್ಪಂದಕ್ಕೆ ಸಹಿ. ಕಾರ್ಖಾನೆಗೆ ಸುಣ್ಣಬಣ್ಣ ನಡೆದಿತ್ತು.

ಸೋಮವಾರ ಮಧ್ಯಾಹ್ನ, ಊಟದ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಗನ್ ಹಿಡಿದು ನಿಂತವಳು ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕುಬಿಟ್ಟೆ. ಎಡಗೈ ಕಿರುಬೆರಳಿನ ಬುಡದಲ್ಲಿ ಯಾರೋ ಉಗುರಿನಿಂದ ಮೆಲ್ಲಗೆ ಕೆರೆದ ಹಾಗಾಗಿತ್ತು.

"ಯಾಕ ನಗಾಕತ್ತಿ?" ತಗಡಿನ ಆಚೆಯಿಂದ ಹುಸೇನಬಿ ಕೇಳಿದಳು.

"ಏನಿಲ್ಲ ಬಿಡು."

ಸ್ವಲ್ಪ ಹೊತ್ತಿಗೆ ಆಚೆಯಿಂದ ಹೀ ಹೀ ಅಂತ ಸದ್ದು ಬಂತು, ಅದರ ಹಿಂದೆಯೇ ಕಬ್ಬಿಣದ ಗಟ್ಟಿ ನೆಲಕ್ಕೆ ಬಿತ್ತು. ಸುತ್ತಿಕೊಂಡು ಹೋಗಿ ನೋಡಿದರೆ ಅವಳು ಎಡಗೈಯನ್ನು ಬಗಲಲ್ಲಿ ಅದುಮಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗು ತಡೆದುಕೊಂಡು ಕೂತಿದ್ದಳು.

"ನಿನಗೂ?" ಅಂದೆ.

"ನಿನ್ನೆಯಿಂದ," ಅಂದಳು. "ಒಂಬತ್ತು ಹೌದಿಲ್ಲೋ?"

ಒಂಬತ್ತೇ. ಮೂರು ಮಕ್ಕಳ ತಾಯಿಗೆ ಯಾವ ಮಗು ಅತ್ತಿತೆಂದು ಯಾರಾದರೂ ಹೇಳಬೇಕೇ? ಒಂಬತ್ತನೆಯದು ಇಪ್ಪತ್ತೈದು ವರ್ಷದ ವಿಮಾನ, ಅದರ ಬಾಲಕ್ಕೆ ರಿವೆಟ್ ಹೊಡೆದವರು ನಾವಿಬ್ಬರೇ. ಇಳಿಯುವಾಗ ಕರುವಿನ ಹಾಗೆ ಮೂರು ಸಲ ಕುಣಿದು ನಿಲ್ಲುವುದು ಅದರ ಅಭ್ಯಾಸ.

ನೋವಿನ ಬಗೆಗಳೆಲ್ಲ ನಮಗೆ ಗೊತ್ತು. ಹಕ್ಕಿ ಬಡಿದರೆ ಕೈಗೆ ಪೆಟ್ಟು ಬಿದ್ದಂತೆ. ಉಪ್ಪು ಗಾಳಿಗೆ ತುಕ್ಕು ಹಿಡಿದರೆ ಮೆಣಸಿನಕಾಯಿ ಹೆಚ್ಚಿದ ಉರಿ. ಎಲ್ಲಾದರೂ ಬಿರುಕು ಬಿಟ್ಟರೆ ಹಾರುವಾಗ ಸೂಜಿ ಚುಚ್ಚುತ್ತದೆ, ನೆಲಕ್ಕಿಳಿದರೆ ನಿಲ್ಲುತ್ತದೆ. ಇಂಥದ್ದನ್ನು ಎಷ್ಟೋ ಸಲ ಹೇಳಿದ್ದೇವೆ, ಅವರೂ ಎಷ್ಟೋ ಸಲ ನೋಡಿ ಸರಿಪಡಿಸಿದ್ದಾರೆ. ಆದರೆ ಇದು ಎಲ್ಲ ತಿರುಗುಮುರುಗು. ಸಂಜೆ ವಿಮಾನ ಹಾರುವಾಗ ಕೈ ತೆಪ್ಪಗಿತ್ತು. ನಮ್ಮ ಮಧ್ಯಾಹ್ನ, ಅಂದರೆ ಅವರ ನಡುರಾತ್ರಿ, ವಿಮಾನ ಶೆಡ್ಡಿನಲ್ಲಿ ನಿಂತಾಗ ಶುರುವಾಗುತ್ತಿತ್ತು. ಅದೂ ನೋವಲ್ಲ, ಕಚಗುಳಿ.

ಮಂಗಳವಾರವೂ ಆಯಿತು. ನಾವಿಬ್ಬರೂ ಹಂಚಿನಾಳ ಸಾಹೇಬರ ಕೋಣೆಗೆ ಹೋದೆವು. ಅವರು ಕಾರ್ಖಾನೆಯ ಮುಖ್ಯಸ್ಥರು, ಹೊರಗಿನಿಂದ ಬಂದವರು. ಹನ್ನೆರಡು ವರ್ಷದಲ್ಲಿ ಕೈಯಾರೆ ಒಂದು ವಸ್ತುವನ್ನೂ ಮಾಡಿದವರಲ್ಲವಾದ್ದರಿಂದ ಅವರ ಅಂಗೈಗೆ ಯಾವ ಸುದ್ದಿಯೂ ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಆ ವಾರ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

"ಒಂಬತ್ತನೇ ವಿಮಾನದ ಬಾಲದಾಗ ಏನೋ ಆಗಾಕತ್ತೈತ್ರಿ," ಅಂದೆ.

ಅವರು ಥಟ್ಟನೆ ಪೆನ್ನು ಕೆಳಗಿಟ್ಟರು. "ಚುಚ್ಚತದೋ, ಉರೀತದೋ?"

"ಎರಡೂ ಇಲ್ರಿ."

"ಮತ್ತ?"

ನಾನು ಹುಸೇನಬಿಯ ಮುಖ ನೋಡಿದೆ. ಅವಳು ಕಿಟಕಿ ನೋಡಿದಳು. "ಕಚಗುಳಿ ಆಗತೈತ್ರಿ," ಅಂದೆ.

ಸಾಹೇಬರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಆಮೇಲೆ ಮೆಲ್ಲಗೆ ಹೇಳಿದರು: "ಕಸ್ತೂರೆವ್ವ, ಬ್ಯಾರೆ ದೇಶದ ದೊಡ್ಡ ಕಂಪನಿಯವರು ಹೊಸಾ ವಿಮಾನ ತೋರಿಸಿ ತೆಲೋರದವರ ಬಾಗಿಲಾಗ ಕುಂತಾರ. ಅವರ ವಿಮಾನ ಮಷೀನೇ ಮಾಡತದ, ಮನುಷ್ಯರ ಕೈ ಹತ್ತೂದಿಲ್ಲ. ಮಂತ್ರಿ ಅರ್ಧ ಮನಸ್ಸಿನಿಂದ ಇಲ್ಲಿಗೆ ಬರಾಕತ್ತಾರ. ಅವರಿಗೆ ನಾ ಏನಂತ ಹೇಳಲಿ? ನಮ್ಮ ಹೆಣ್ಮಕ್ಕಳಿಗೆ ಕಚಗುಳಿ ಆಗೇದ, ನಿಮ್ಮ ವಿಮಾನ ನಿಲ್ಲಸ್ರಿ ಅಂತ ಹೇಳಲೇನು?" ಪೆನ್ನು ಮತ್ತೆ ಕೈಗೆತ್ತಿಕೊಂಡು, "ನಾಕು ನೂರು ಮನಿ ಇದರ ಮ್ಯಾಲೆ ನಿಂತಾವ. ಎರಡು ದಿನ ಕೈ ಮುಚ್ಚಿಕೊಂಡಿರ್ರಿ. ಸಹಿ ಬೀಳಲಿ, ಆಮ್ಯಾಲೆ ನಾನಽ ಫೋನ್ ಮಾಡತೀನಿ," ಎಂದರು.

ಹೊರಗೆ ಬಂದು ಅಂಗಳದ ನಲ್ಲಿಯ ಹತ್ತಿರ ನಿಂತೆವು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆ ನಾಲ್ಕು ನೂರು ಮನೆಗಳಲ್ಲಿ ನನ್ನದೂ ಒಂದು, ಹುಸೇನಬಿಯದೂ ಒಂದು. "ಹಾರೂವಾಗ ಏನೂ ಇಲ್ಲಲ್ಲ, ಏನೂ ಆಗಲಿಕ್ಕಿಲ್ಲ," ಅಂದಳು ಅವಳು. ಅವಳ ದನಿಯಲ್ಲಿ ಜೀವವಿರಲಿಲ್ಲ. ಆ ಸಂಜೆ ಅಂಗೈ ತಣ್ಣಗಾದಾಗ ಬಾಳಪ್ಪ ಊಟಕ್ಕೆ ಕರೆದ, ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಹತ್ತೊಂಬತ್ತು ಸೀಟು. ಯಾರ್‍ಯಾರು ಕೂತಿದ್ದಾರೋ.

ಬುಧವಾರ ಮಧ್ಯಾಹ್ನ ಕಚಗುಳಿಯ ಜೊತೆಗೆ ಹೊಸದೊಂದು ಸೇರಿತು. ಏನನ್ನೋ ಎಳೆದೆಳೆದು ತಂದು ಸಂದಿಯಲ್ಲಿ ತುರುಕಿದ ಹಾಗೆ, ಕಿರುಬೆರಳಿನ ಬುಡ ಬಿಗಿಯತೊಡಗಿತು. ಮೂರು ಗಂಟೆಗೆ ಮಂತ್ರಿಗಳ ಕಾರು ಬಂತು. ಶಾಪಿನ ಹಿರಿಯಳೆಂದು ಹೂಗುಚ್ಛ ಕೊಡುವ ಕೆಲಸ ನನ್ನದು. ರೇಷ್ಮೆ ಸೀರೆ ಉಟ್ಟು, ಸಾಹೇಬರ ಪಕ್ಕದಲ್ಲಿ, ಎಡಗೈ ಮುಷ್ಟಿ ಬಿಗಿದು ನಿಂತಿದ್ದೆ.

ಮಂತ್ರಿಗಳು ಎತ್ತರದ ಆಳು. ತುದಿ ಹುರಿ ಮಾಡಿದ ಮೀಸೆ, ತಲೆಯ ಮೇಲೆ ಗಿಣಿಹಸಿರು ಟೊಪ್ಪಿಗೆ. ನಾನು ಹೂವು ಮುಂದೆ ಚಾಚುವುದಕ್ಕೂ ಕಚಗುಳಿ ಏಳುವುದಕ್ಕೂ ಸರಿಹೋಯಿತು. ತುಟಿ ಕಚ್ಚಿದೆ, ಉಸಿರು ಹಿಡಿದೆ. ಆಗಲಿಲ್ಲ. ಪರದೇಶದ ಮಂತ್ರಿಯ ಮೀಸೆಯ ಎದುರಿಗೇ ಹೋ ಎಂದು ನಕ್ಕುಬಿಟ್ಟೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಹುಸೇನಬಿಯೂ ನಕ್ಕಳು. ಮಂತ್ರಿಗಳು ಗಾಬರಿಯಾಗಿ ತಮ್ಮ ಟೊಪ್ಪಿಗೆ ಮುಟ್ಟಿ ನೋಡಿಕೊಂಡರು. ಹಂಚಿನಾಳ ಸಾಹೇಬರ ಮುಖ ಸುಣ್ಣದ ಗೋಡೆಯಂತಾಯಿತು.

ಮಂತ್ರಿಗಳ ಹಿಂದಿನಿಂದ ಹೆಂಗಸೊಬ್ಬಳು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಇಲೇನಿ! ಇಪ್ಪತ್ತೈದು ವರ್ಷದ ಹಿಂದೆ, ಒಂಬತ್ತನೆಯದು ತಯಾರಾಗುವಾಗ, ಎಳೆಯ ಇಂಜಿನಿಯರಾಗಿ ಬಂದು ಎರಡು ವರ್ಷ ನಮ್ಮೂರಿನಲ್ಲಿದ್ದವಳು. ನಮ್ಮ ಬಾಯಲ್ಲಿ ಅವಳ ಹೆಸರು ಎಲೆವ್ವ ಆಗಿತ್ತು. ಆಗ ಮಲ್ಲವ್ವನ ಅಂಗಳದಲ್ಲಿ ಕೂತು ಮಣ್ಣಿನ ಬಟ್ಟಲೊಂದನ್ನು ಮಾಡಿದ್ದಳು. ಮಲ್ಲವ್ವ ಅದರಲ್ಲಿ ಚಹಾ ಕುಡಿದಾಗಲೆಲ್ಲ ಸಮುದ್ರದಾಚೆ ಅವಳ ಕೈ ಬೆಚ್ಚಗಾಗುತ್ತದೆ ಎಂದು ಪ್ರತಿ ವರ್ಷ ಕಾಗದ ಬರೆಯುವವಳು. ಈಗ ಅಲ್ಲಿನ ವಿಮಾನಗಳ ದುರಸ್ತಿಗೆಲ್ಲ ಅವಳೇ ಮುಖ್ಯಸ್ಥೆ.

"ಅಕ್ಕಾ," ಎಂದಳು ನನ್ನ ಮುಷ್ಟಿ ಬಿಡಿಸಿ ನೋಡುತ್ತ, "ಇದು ಸುಮ್ನ ನಗಿ ಅಲ್ಲ. ಯಾವುದು?"

ನಾನು ಸಾಹೇಬರ ಕಡೆ ನೋಡಲಿಲ್ಲ. "ಒಂಬತ್ತು," ಅಂದೆ.

ಅವಳ ಮುಖದ ನಗು ಆರಿತು. ಅಲ್ಲಿಯೇ ನಿಂತು ತನ್ನ ದೇಶಕ್ಕೆ ಫೋನ್ ಹಚ್ಚಿ, ಮಲಗಿದ್ದ ಮೆಕ್ಯಾನಿಕ್ಕನ್ನು ಎಬ್ಬಿಸಿದಳು. ಆಮೇಲೆ ಮಂತ್ರಿಗಳಿಗೆ ಅವರ ಭಾಷೆಯಲ್ಲಿ ವಿವರಿಸಿದಳು. ಅವರ ಹುಬ್ಬು ಗಂಟಾದವು. ಇಲೇನಿ ನಮಗೆ ಹೇಳಿದಳು: ಬೆಳಗಾದ ಕೂಡಲೇ ಒಂಬತ್ತನೇ ವಿಮಾನ ಒಂದು ಮದುವೆ ದಿಬ್ಬಣ ಹೊತ್ತು ಕಟ್ಟಕಡೆಯ ನಡುಗಡ್ಡೆಗೆ ಹೋಗಬೇಕು. ಮದುಮಗಳು, ಬಳಗ, ಡೋಲು ಬಾರಿಸುವವರು, ಸೀಟೆಲ್ಲ ಭರ್ತಿ.

ಎಲ್ಲರೂ ಕ್ಯಾಂಟೀನಿಗೆ ಬಂದು ಕೂತೆವು. ಅರ್ಧ ಗಂಟೆಗೆ ಫೋನ್ ಬಂತು. ಮೆಕ್ಯಾನಿಕ್ ಬ್ಯಾಟರಿ ಹಿಡಿದು ಬಾಲವನ್ನು ಸುತ್ತಲೂ ನೋಡಿದ್ದ, ಚುಕ್ಕಾಣಿ ತಿರುಗಿಸಿ ನೋಡಿದ್ದ. ಎಲ್ಲವೂ ಸರಿಯಿತ್ತು.

ಮಂತ್ರಿಗಳು ಚಹಾದ ಲೋಟ ದೂರ ತಳ್ಳಿ ಏನೋ ಬಿರುಸಾಗಿ ಹೇಳಿದರು. ಇಲೇನಿ ತಲೆ ತಗ್ಗಿಸಿ ಅದನ್ನು ಕನ್ನಡಕ್ಕೆ ತಂದಳು: "ಇಲ್ಲಿ ಯಾರಿಗೋ ನಗಿ ಬಂತಂತ ಅಲ್ಲಿ ಮದುವಿ ನಿಲ್ಲಸಾಕ ಆಗೂದಿಲ್ಲಂತ. ವಿಮಾನ ಹೋಗಲಿ ಅಂತಾರ."

ಆಗ ಎದ್ದು ನಿಂತವರು ಹಂಚಿನಾಳ ಸಾಹೇಬರು.

"ಎಲೆವ್ವ, ನಾ ಹೇಳಿದ್ದು ಹೇಳಿದಂಗ ಅವರಿಗೆ ಹೇಳು," ಎಂದರು. "ಇವರು ನಿನ್ನೇನಽ ನನಗ ಹೇಳಿದ್ದರು. ಸಹಿ ಬೀಳೂತನಕ ಸುಮ್ನಿರ್ರಿ ಅಂತ ನಾನಽ ಬಾಯಿ ಮುಚ್ಚಿಸಿದೆ. ಅದು ನನ್ನ ತಪ್ಪು. ನನ್ನ ಕೈಗೆ ಏನೂ ತಿಳಿಯೂದಿಲ್ಲ. ಆದರ ಹನ್ನೆರಡು ವರ್ಷದಾಗ ಇವರ ಕೈ ಹೇಳಿದ್ದು ಒಂದು ಸಲಾನೂ ಹುಸಿ ಆಗಿಲ್ಲ. ಬಾಲ ಬಿಚ್ಚಿ ಒಳಗ ನೋಡ್ರಿ. ಏನೂ ಸಿಗಲಿಲ್ಲ ಅಂದ್ರ ನಾಳೆ ಸಹಿ ಮಾಡಬ್ಯಾಡ್ರಿ, ಬಂದ ಹಾದಿ ಹಿಡೀರಿ. ಆದರ ಬಿಚ್ಚದಽ ಹಾರಸಬ್ಯಾಡ್ರಿ."

ಇಲೇನಿ ಒಂದಕ್ಷರ ಬಿಡದೆ ಹೇಳಿದಳು. ಮಂತ್ರಿಗಳು ಸಾಹೇಬರನ್ನೇ ಬಹಳ ಹೊತ್ತು ನೋಡಿದರು. ಕೊನೆಗೆ ಫೋನಿನ ಕಡೆ ಕೈ ಮಾಡಿದರು.

ಇಲೇನಿ ಫೋನನ್ನು ಮೇಜಿನ ನಡುವೆ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ನಾನು ಎಡಗೈ ಬಿಚ್ಚಿ ಅವಳ ಮುಂದೆ ಚಾಚಿದೆ. "ಇದು ಬಾಲ ಅಂತ ತಿಳಕೋ. ಮಣಿಕಟ್ಟಿನ ಕಡೆಯಿಂದ ಎಣಸು, ಮೂರನೇ ಎಲುಬು. ಎಡಗಡೆ. ಚುಕ್ಕಾಣಿ ತಂತಿ ಬಾವಿ ರಾಟಿಯಂಥ ಗಾಲಿ ಮ್ಯಾಲೆ ಹಾದು ಹೋಗತೈತಲ್ಲ, ಅಲ್ಲೇ." ಇಲೇನಿ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಳು, ಆಚೆ ಮೆಕ್ಯಾನಿಕ್ ತಿರುಪುಗಳನ್ನು ಬಿಚ್ಚತೊಡಗಿದ. ಮೂವತ್ತೆರಡು ತಿರುಪು. ಒಂದೊಂದೂ ಡಬ್ಬಿಗೆ ಬೀಳುವ ಠಣ್ ಸದ್ದು ಸಮುದ್ರ ದಾಟಿ ಬಂದು ನಮ್ಮ ಕ್ಯಾಂಟೀನಿನಲ್ಲಿ ಕೇಳುತ್ತಿತ್ತು. ಶಾಪಿನ ಹೆಂಗಸರೆಲ್ಲ ಮೇಜಿನ ಸುತ್ತ ಒತ್ತಿಕೊಂಡು ನಿಂತಿದ್ದರು. ಹುಸೇನಬಿ ನನ್ನ ಬಲಗೈ ಹಿಡಿದುಕೊಂಡಿದ್ದಳು.

ಮೂವತ್ತೆರಡನೆಯ ಠಣ್ ಆಯಿತು. ತಗಡು ಕಿರುಗುಟ್ಟಿತು. ಮರುಗಳಿಗೆ ಮೆಕ್ಯಾನಿಕ್ ಕಿಟಾರನೆ ಕಿರುಚಿದ, ಡಬ್ಬಿ ಉರುಳಿ ಬಿತ್ತು. ಅದೇ ಹೊತ್ತಿಗೆ ನನ್ನ ಅಂಗೈಯ ಮೇಲಿಂದ ಮಣಿಕಟ್ಟಿನವರೆಗೆ ನಾಲ್ಕು ಪುಟ್ಟ ಪಾದಗಳು ತುಪತುಪನೆ ಓಡಿಹೋದವು.

"ಯವ್ವಾ, ಇಲಿ!" ಎಂದು ಹುಸೇನಬಿ ಮಾರುದ್ದ ಜಿಗಿದಳು.

ಫೋನಿನಲ್ಲಿ ಮೆಕ್ಯಾನಿಕ್ ಕೂಡ ತನ್ನ ಭಾಷೆಯಲ್ಲಿ ಅದನ್ನೇ ಕೂಗುತ್ತಿದ್ದ. ಇಲಿಯೇ. ಒಳಗೆ ಇನ್ನೂ ಆರು ಮರಿ, ಕಣ್ಣು ಬಿಡದವು. ಟಪಾಲು ಚೀಲದ ಸೆಣಬು ಎಳೆದೆಳೆದು ತಂದು, ಯಾರದೋ ಅರ್ಧ ಕಾಗದವನ್ನೂ ಸೇರಿಸಿ, ತಾಯಿ ಮೆತ್ತಗೆ ಗೂಡು ಕಟ್ಟಿತ್ತು. ನಾನು ನಕ್ಕೆ, ಶಾಪೆಲ್ಲ ನಕ್ಕಿತು, ಮಂತ್ರಿಗಳೂ ಮೀಸೆಯೊಳಗೆ ನಕ್ಕರು.

ನಗು ನಿಂತದ್ದು ಇಲೇನಿಯ ಮುಖ ನೋಡಿ. ಮೆಕ್ಯಾನಿಕ್ ಈಗ ಮೆಲ್ಲಗೆ ಮಾತಾಡುತ್ತಿದ್ದ. ಅವಳು ಕೇಳಿ, ತಿರುಗಿ ನಮಗೆ ಹೇಳಿದಳು: "ಗೂಡಿನ ಸೆಣಬು ಗಾಲಿಗೆ ಸುತ್ತಿಕೊಂಡೈತಿ. ಚುಕ್ಕಾಣಿ ಸ್ವಲ್ಪ ತಿರುಗಿಸಿದ್ರ ಏನೂ ಗೊತ್ತಾಗೂದಿಲ್ಲ. ಕಡೀ ನಡುಗಡ್ಡಿಯಾಗ ಗುಡ್ಡ ಬಳಸಿ ಇಳಿಯೂವಾಗ ಎಡಕ್ಕ ಪೂರಾ ತಿರುಗಿಸಬೇಕು. ತಿರುಗಿಸಿದ್ರ ತಂತಿ ಗಾಲಿಯಾಗ ಸಿಕ್ಕು ಅಲ್ಲೇ ಹಿಡಕೋತಿತ್ತು, ಎದುರಿಗೆ ಗುಡ್ಡ."

ಮಂತ್ರಿಗಳು ಎದ್ದರು. ಗಿಣಿಹಸಿರು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೊದಲು ಹುಸೇನಬಿಯ, ಆಮೇಲೆ ನನ್ನ ಅಂಗೈಯನ್ನು ತಮ್ಮ ಹಣೆಗೆ ಒತ್ತಿಕೊಂಡರು. ಅವರ ದೇಶದಲ್ಲಿ ಹಿರಿಯರಿಗೆ ಹಾಗೆ ಮಾಡುತ್ತಾರಂತೆ. ಆಮೇಲೆ ಹಂಚಿನಾಳ ಸಾಹೇಬರ ಹತ್ತಿರ ಹೋಗಿ ಅಪ್ಪಿಕೊಂಡರು. ಸಾಹೇಬರು ಎಲ್ಲರೆದುರು ಗಳಗಳನೆ ಅತ್ತರು.

ದಿಬ್ಬಣ ಎರಡು ತಾಸು ತಡವಾಗಿ ಹದಿನಾಲ್ಕನೇ ವಿಮಾನದಲ್ಲಿ ಹೋಯಿತು. ಡೋಲಿನವರು ವಿಮಾನದೊಳಗೇ ಬಾರಿಸಲು ಶುರುಮಾಡಿದರೆಂದು ಕಾಣುತ್ತದೆ, ಆ ಸಂಜೆ ನಮ್ಮ ಅಂಗೈಗಳು ತಣ್ಣಗಾಗಿ ಜುಂ ಜುಂ ಕುಣಿದವು. ಇಲಿಯನ್ನೂ ಮರಿಗಳನ್ನೂ ಮೆಕ್ಯಾನಿಕ್ ಒಂದು ಬುಟ್ಟಿಯಲ್ಲಿ ತನ್ನ ಮನೆಯ ಹಿತ್ತಲಿಗೆ ಸಾಗಿಸಿದ. ಹೆಂಡತಿ ಬೈದಳಂತೆ.

ಗುರುವಾರ ಸಹಿ ಬಿತ್ತು, ಇನ್ನೂ ಮೂವತ್ತು ವರ್ಷಕ್ಕೆ. ಸಹಿಗೆ ಮುಂಚೆ ಮಂತ್ರಿಗಳು ಪೆನ್ನು ತಡೆದು, ಕಾಗದದ ಕೆಳಗೆ ಸ್ವಂತ ಕೈಯಿಂದ ಒಂದು ಸಾಲು ಸೇರಿಸಿದರು. ಮಾಡಿದ ಕೈ ನಿಲ್ಲಿಸಿ ಎಂದರೆ ವಿಮಾನ ನಿಲ್ಲತಕ್ಕದ್ದು. ನೋವಾದರೂ ಸರಿ, ಕಚಗುಳಿಯಾದರೂ ಸರಿ. ಕಚಗುಳಿ ಎಂಬುದಕ್ಕೆ ತೆಲೋರದ ಭಾಷೆಯಲ್ಲಿ ಮಾತೇ ಇಲ್ಲವಂತೆ. ನಮ್ಮ ಮಾತನ್ನೇ ಅವರ ಅಕ್ಷರದಲ್ಲಿ ಬರೆದರು. ಕಾನೂನು ಪಂಡಿತರು ಅದನ್ನು ಗಟ್ಟಿಯಾಗಿ ಓದಿ ಮೂರು ಸಲ ತೊದಲಿದರು. ನಾಲ್ಕನೆಯ ಸಲ ಹುಸೇನಬಿ ಎದ್ದು ಹೋಗಿ ಹೇಳಿಕೊಟ್ಟಳು.

ಮುಂದಿನ ವಾರ ಹಂಚಿನಾಳ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಶಾಪಿಗೆ ಬಂದರು. "ಮೂವತ್ತೊಂಬತ್ತನೆಯದಕ್ಕ ಒಂದೇ ಒಂದು ರಿವೆಟ್ ನಾ ಹೊಡೀಲೇನು?" ಎಂದು ಕೇಳಿದರು, ಪರವಾನಗಿ ಬೇಡುವವರ ಹಾಗೆ. ಹೊಡೆದರು, ಸೊಟ್ಟಗಾಯಿತು. ಹುಸೇನಬಿ ಒಳಗಿನಿಂದ, "ತೆಗೀರಿ, ಮತ್ತೊಮ್ಮೆ," ಅಂದಳು. ಎರಡನೆಯದೂ ಸೊಟ್ಟ. ಮೂರನೆಯದು ನೆಟ್ಟಗೆ ಕೂತಾಗ ಸಾಹೇಬರು ಬೆವರು ಒರೆಸಿಕೊಂಡು ಶಾಪಿಗೆಲ್ಲ ಪೇಢೆ ತರಿಸಿದರು.

ತಿಂಗಳ ಮೇಲೆ ಒಂದು ಸಂಜೆ, ಅಂಗೈ ತಣ್ಣಗಾಗುವುದಕ್ಕೆ ಸ್ವಲ್ಪ ಮೊದಲು, ಯಾರೋ ನನ್ನ ಕೈಯನ್ನು ಮೆಲ್ಲಗೆ ತಟ್ಟಿದ ಹಾಗಾಯಿತು. ಬಳೆ ತೊಟ್ಟ ಕೈ. ಬಳೆ ತಗಡಿಗೆ ತಾಗಿದ್ದೂ ಗೊತ್ತಾಯಿತು. ಒಂಬತ್ತನೆಯದೇ. ಇಲೇನಿಯ ಕಾಗದ ಬಂದಾಗ ತಿಳಿಯಿತು, ಅದು ಆ ಮದುಮಗಳು. ತವರಿಗೆ ಹೊರಟವಳು ಏಣಿ ಹತ್ತುವ ಮೊದಲು ಬಾಲದ ಹತ್ತಿರ ಹೋಗಿ, 'ನಮ್ಮವ್ವಂದಿರು ಇಲ್ಲೇ ಇದ್ದಾರಂತೆ' ಎಂದು ಮುಟ್ಟಿದಳಂತೆ. ಅವಳನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಮರುದಿನದವರು. ಈಗ ತೆಲೋರದಲ್ಲಿ ಬಾಲ ಮುಟ್ಟದೆ ಯಾರೂ ವಿಮಾನ ಹತ್ತುವುದಿಲ್ಲ.

ಹೀಗಾಗಿ ಸಂಜೆ ಏಳಕ್ಕೆ ನಾವಿಬ್ಬರೂ ಬೇರೆಲ್ಲ ಕೆಲಸ ಬಿಟ್ಟು ನಮ್ಮ ಮನೆಯ ಕಟ್ಟೆಯ ಮೇಲೆ ಅಂಗೈ ಚಾಚಿ ಕೂತಿರುತ್ತೇವೆ. ಮೀನುಗಾರರ ಒರಟು ಕೈ, ಮುದುಕಿಯರ ಹಗುರ ಕೈ, ತಡಬಡಿಸಿ ಒಂದೇಟು ಹಾಕಿ ಓಡುವವರ ಕೈ. ನಿನ್ನೆ ಒಂಬತ್ತನೆಯದಕ್ಕೆ ಹನ್ನೊಂದು ಮಂದಿ ಹತ್ತಿದರು. ಹನ್ನೆರಡನೆಯದು ಬಹಳ ಪುಟ್ಟ ಕೈ. ಯಾರೋ ಎತ್ತಿ ಹಿಡಿದಿದ್ದರು ಅಂತ ಕಾಣುತ್ತದೆ. ತಟ್ಟಲಿಲ್ಲ, ಐದೂ ಬೆರಳು ಊರಿ ಸುಮ್ಮನೆ ಇಟ್ಟುಕೊಂಡಿತು, ತೆಗೆಯಲೇ ಇಲ್ಲ. ನಾನೂ ಹುಸೇನಬಿಯೂ ಉಸಿರು ಬಿಗಿಹಿಡಿದು ಕೂತೆವು. ಕೊನೆಗೆ ಮಗುವಿನ ಅವ್ವ ಕರೆದಿರಬೇಕು, ಬೆರಳುಗಳು ಒಂದೊಂದಾಗಿ ಬಿಟ್ಟವು. ಸ್ವಲ್ಪ ಹೊತ್ತಿಗೆ ಅಂಗೈ ತಣ್ಣಗಾಗತೊಡಗಿತು.

"ಹೊಂಟ್ರು," ಅಂದಳು ಹುಸೇನಬಿ.